ಮುಳ್ಳು ಹಾಡುವುದನ್ನು ಕೇಳಿದ್ದೀರಾ?

ಮಕ್ಕಳೇ, ಯಾರ ಮನೆಯಲ್ಲಾದರೂ ರೆಕಾರ್ಡ್ ಪ್ಲೇಯರ್ ಕಂಡರೆ ದೊಡ್ಡವರನ್ನು ಕೇಳಿ ಒಂದು ಆಟ ಆಡಿ. ಪ್ಲೇಟು ತಿರುಗುತ್ತಿರಲಿ, ಮುಳ್ಳು ಅದರ ಮೇಲೆ ಕೂತಿರಲಿ, ಸ್ಪೀಕರಿನ ಸದ್ದನ್ನು ಮಾತ್ರ ಪೂರ್ತಿ ಇಳಿಸಿಬಿಡಿ. ಈಗ ಮುಳ್ಳಿನ ಹತ್ತಿರ ಕಿವಿ ತನ್ನಿ. ಸೊಳ್ಳೆ ಗುಂಯ್‌ಗುಟ್ಟುವಷ್ಟು ತೆಳ್ಳಗೆ, ಅದೇ ಹಾಡು! ಹಾಡುತ್ತಿರುವುದು ಆ ಮುಳ್ಳೇ.

ಪ್ಲೇಟಿನ ಮೇಲೆ ಗೆರೆಗಳು ತುಂಬಾ ಇವೆ ಅನ್ನಿಸುತ್ತದೆ. ನಿಜವಾಗಿ ಇರುವುದು ಹೊರಗಿನ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೋಗುವ ಒಂದೇ ಗೆರೆ. ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಹಾಡುವ ರೆಕಾರ್ಡಿನ ಒಂದು ಮಗ್ಗುಲಿನ ಗೆರೆಯನ್ನು ಬಿಡಿಸಿ ನೆಟ್ಟಗೆ ಎಳೆದರೆ ಅರ್ಧ ಕಿಲೋಮೀಟರಿನ ಹತ್ತಿರ ಹೋಗುತ್ತದೆ. ಈ ಗೆರೆ ಕೂದಲಿಗಿಂತ ಕಿರಿದಾದ ಒಂದು ಕಣಿವೆ, ಅದರ ಗೋಡೆಗಳ ತುಂಬ ಅಂಕುಡೊಂಕು. ಸ್ಟೀರಿಯೊ ರೆಕಾರ್ಡಿನಲ್ಲಿ ಒಂದು ಗೋಡೆಯಲ್ಲಿ ಎಡಗಡೆಯ ಸದ್ದು, ಇನ್ನೊಂದರಲ್ಲಿ ಬಲಗಡೆಯದು.

ಈ ಅಂಕುಡೊಂಕನ್ನು ಓದುವುದು ಮುಳ್ಳಿನ ತುದಿಯಲ್ಲಿರುವ ಪುಟಾಣಿ ವಜ್ರ. ದಪ್ಪ ಚಪ್ಪಲಿ ಹಾಕಿಕೊಂಡು ಜಲ್ಲಿಕಲ್ಲಿನ ಮೇಲೆ ನಡೆದರೆ ಸಣ್ಣ ಕಲ್ಲು ಗೊತ್ತೇ ಆಗುವುದಿಲ್ಲ, ಬರಿಗಾಲಿಗೆ ಒಂದೊಂದೂ ಗೊತ್ತಾಗುತ್ತದೆ, ಅಲ್ಲವೇ? ಗುಂಡು ತುದಿಯ ಮುಳ್ಳು ಚಪ್ಪಲಿ ಕಾಲಿನಂತೆ. ಮೊಟ್ಟೆಯಾಕಾರಕ್ಕೆ ಅರೆದು ಅಂಚು ತೆಳುಮಾಡಿದ ಮುಳ್ಳು ಬರಿಗಾಲಿನಂತೆ, ಸಣ್ಣ ತಿರುವಿಗೂ ಇಳಿಯುತ್ತದೆ.

ಇದು ಚೆನ್ನಾಗಿ ಗೊತ್ತಾಗುವುದು ಪ್ಲೇಟಿನ ಕೊನೆಯ ಹಾಡಿನಲ್ಲಿ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹರಿಯುತ್ತದೆ. ಒಳಗಿನ ಸುತ್ತು ಚಿಕ್ಕದಲ್ಲವೇ, ಅಲ್ಲಿ ಬರೀ 20 ಸೆಂಟಿಮೀಟರ್. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು! ತಿರುವುಗಳೆಲ್ಲ ಒತ್ತೊತ್ತಾಗುತ್ತವೆ. ಗುಂಡು ಮುಳ್ಳು ಅಲ್ಲಿ ಎಡವುತ್ತದೆ. ಹಾಡುವವರ ‘ಸ’ಕಾರ, ‘ಶ’ಕಾರಗಳು ಕರಕರ ಅನ್ನತೊಡಗುತ್ತವೆ.

ಮುಳ್ಳಿನ ನಡುಕ ವಿದ್ಯುತ್ತಾಗುವುದು ಅದರ ಮೇಲಿನ ಪುಟ್ಟ ಡಬ್ಬಿಯಲ್ಲಿ. ಅದರ ಹೆಸರು ಕಾರ್ಟ್ರಿಡ್ಜ್. ಸಾಮಾನ್ಯವಾಗಿ ಮುಳ್ಳಿನ ಕಡ್ಡಿಯ ಇನ್ನೊಂದು ತುದಿಗೆ ಸಣ್ಣದೊಂದು ಅಯಸ್ಕಾಂತ, ಅದರ ಪಕ್ಕದಲ್ಲಿ ತಂತಿಯ ಸುರುಳಿ. ಅಯಸ್ಕಾಂತ ಅಲುಗಾಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಕಂಡುಕೊಂಡಿದ್ದರು. ಹುಟ್ಟುವ ವಿದ್ಯುತ್ ಎಷ್ಟು? ಟಾರ್ಚಿನ ಒಂದು ಸೆಲ್ ಕೊಡುವುದರ ಸುಮಾರು ಮುನ್ನೂರನೇ ಒಂದು ಪಾಲು. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಮುಳ್ಳು ಓದದೆ ಬಿಟ್ಟದ್ದನ್ನು ಎಷ್ಟು ದುಬಾರಿ ಸ್ಪೀಕರೂ ತಂದುಕೊಡಲಾರದು. ಅದಕ್ಕೇ ನನಗೆ ಈ ಬೆರಳುಗಾತ್ರದ ಡಬ್ಬಿಯ ಮೇಲೆ ಅಷ್ಟು ಪ್ರೀತಿ.

ಎಲ್ಲ ಪ್ಲೇಟಿಗೂ ಒಂದೇ ಮುಳ್ಳು ಆಗುವುದಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಧ್ವನಿಮುದ್ರಿಸಿದ ಗೋಹರ್ ಜಾನ್ ಹೆಸರು ಕೇಳಿದ್ದೀರಾ? ಕೊನೆಗಾಲದಲ್ಲಿ ನಮ್ಮ ಮೈಸೂರು ಅರಮನೆಯ ಗಾಯಕಿಯಾಗಿದ್ದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡವರು. ಅವರ ಕಾಲದ ಪ್ಲೇಟುಗಳಿಗೆ ಅರಗು ಬೆರೆಸುತ್ತಿದ್ದರು. ಹೌದು, ಪಾಂಡವರ ಅರಗಿನ ಮನೆಯ ಅದೇ ಅರಗು! ಆ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸಪೂರ ಮುಳ್ಳು ಅದರಲ್ಲಿ ತಳ ಸೇರಿ, ಅಲ್ಲಿನ ಧೂಳನ್ನು ಕೆರೆಯುತ್ತದೆ. ಹಾಡಿಗಿಂತ ಸರಸರ ಸದ್ದೇ ಜಾಸ್ತಿ.

ಇನ್ನು ಭಾರ. ಸಾಮಾನ್ಯವಾಗಿ ಮುಳ್ಳು ಗೆರೆಯ ಮೇಲೆ ಒಂದೂವರೆ, ಎರಡು ಗ್ರಾಂ ಒತ್ತಬೇಕು. ತೀರಾ ಹಗುರ ಮಾಡಿದರೆ ಪ್ಲೇಟು ಉಳಿಯುತ್ತದೆ ಎಂದು ನಾನೂ ಚಿಕ್ಕಂದಿನಲ್ಲಿ ನಂಬಿದ್ದೆ. ಹಾಗಲ್ಲ. ಹಗುರವಾದ ಮುಳ್ಳು ಗೋಡೆಯಿಂದ ಗೋಡೆಗೆ ಜಿಗಿದು ಗೆರೆಯನ್ನೇ ಜಖಂ ಮಾಡುತ್ತದೆ.

ಹಾಡು ಮಂಕಾಗಿದೆ ಅನ್ನಿಸಿದರೆ ಭೂತಗನ್ನಡಿ ಹಿಡಿದು ಮುಳ್ಳಿನ ತುದಿ ನೋಡಿ. ಎಷ್ಟೋ ಸಲ ಅಲ್ಲಿ ಬೂದುಬಣ್ಣದ ಧೂಳಿನ ಉಂಡೆ ನೇತಾಡುತ್ತಿರುತ್ತದೆ. ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಸವರಿ, ಪಕ್ಕಕ್ಕೆ ಮಾತ್ರ ಬೇಡ, ಕಡ್ಡಿ ಮುರಿದೀತು. ಮತ್ತೆ ಪ್ಲೇಟಿನ ಮೇಲಿಳಿಸಿ, ‘ಸ’ಕಾರ ಬರುವವರೆಗೆ ಕಾಯಿರಿ.