ಸಂಘಕಾರ್ಯಕ್ಕೆ ಧನಸಂಗ್ರಹ: ಕೃಷ್ಣಾತೀರ ತೋರಿದ ದಾರಿ



ಬಸದಿ ಕಟ್ಟುವುದಕ್ಕೆ ಹಣ ಕೂಡಿಸುವುದು ಕಷ್ಟವೆಂದು ಎಲ್ಲರೂ ಹೇಳುವರು. ಆದರೆ ಕಟ್ಟಿದ ಬಸದಿಯಲ್ಲಿ ಇಪ್ಪತ್ತು ವರ್ಷಗಳ ತರುವಾಯ ನಂದಾದೀಪಕ್ಕೆ ಎಣ್ಣೆ, ಉಪಾಧ್ಯೆಯರಿಗೆ ತಿಂಗಳ ಸಂಭಾವನೆ, ಸೋರುವ ಮಾಳಿಗೆಯ ದುರಸ್ತಿ, ಇವುಗಳಿಗೆ ಹಣ ಕೂಡಿಸುವುದು ಅದಕ್ಕಿಂತ ಕಷ್ಟವಾದುದು. ಪಂಚಕಲ್ಯಾಣದ ಮಂಟಪದಲ್ಲಿ ಕಲಶದ ಸವಾಲು ಏರುತ್ತ ಹೋಗುವಾಗ ಸಭೆಯೆಲ್ಲ ಕಿವಿಗೊಟ್ಟು ಕೇಳುವುದು. ದೀಪದ ಎಣ್ಣೆಗೆ ಯಾರೂ ಸವಾಲು ಹಾಕುವುದಿಲ್ಲ. ಆದುದರಿಂದ ಸಂಗ್ರಹದ ವಿಚಾರವನ್ನು ಪ್ರತಿಷ್ಠೆಯ ದಿನಕ್ಕಷ್ಟೇ ಸೀಮಿತಗೊಳಿಸದೆ ಮುಂದಿನ ಕಾಲಕ್ಕೂ ವಿಸ್ತರಿಸಿ ನೋಡುವುದು ಉಚಿತ.

ಅನೇಕ ಊರುಗಳಲ್ಲಿ ತಿಥಿಪೂಜೆಯ ಯೋಜನೆಯುಂಟು. ಒಂದು ಮನೆತನದವರು ಒಂದು ಮೊತ್ತವನ್ನು ಇಡಿಯಾಗಿ ಕೊಡುವರು. ಅದರ ಬಡ್ಡಿಯಿಂದ ಪ್ರತಿವರ್ಷ ಅದೇ ತಿಥಿಯಂದು ಅವರ ಹೆಸರಿನಲ್ಲಿ ಅಭಿಷೇಕ ನಡೆಯುವುದು. ಯೋಜನೆ ಸೊಗಸಾದುದೇ. ಆದರೆ ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅದರಲ್ಲೊಂದು ತೂತು ಕಾಣುವುದು. 1980ರ ದಶಕದಲ್ಲಿ 1,001 ರೂಪಾಯಿಯ ಠೇವಣಿಗೆ ನೂರಕ್ಕೆ 10ರಂತೆ ವರ್ಷಕ್ಕೆ ನೂರು ರೂಪಾಯಿ ಬಡ್ಡಿ ಬರುತ್ತಿತ್ತು; ಹಾಲು, ಹೂ, ಗಂಧಗಳಿಗೆ ಧಾರಾಳವಾಗಿ ಸಾಲುತ್ತಿತ್ತು. 2020ರ ಹೊತ್ತಿಗೆ ಬಡ್ಡಿ ಐದೂವರೆಯ ಆಸುಪಾಸಿಗಿಳಿದು ಅದೇ ಠೇವಣಿ 55 ರೂಪಾಯಿಯನ್ನಷ್ಟೇ ಕೊಟ್ಟಿತು. ಹಾಲಿನ ದರವಾದರೋ ಹಿಂದಿನಂತೆ ನಿಲ್ಲಲಿಲ್ಲ. ದಾತೃವಿನ ಮೊಮ್ಮಗ ಬಂದು ಪೂಜೆ ಏಕೆ ನಿಂತಿತೆಂದು ಕೇಳಿದರೆ ಕಮಿಟಿಯವರು ತಲೆ ತಗ್ಗಿಸಬೇಕಾಗುವುದು. ಬಂದ ಬಡ್ಡಿಯಲ್ಲಿ ನಾಲ್ಕರಲ್ಲೊಂದು ಪಾಲನ್ನು ಮೊದಲ ವರ್ಷದಿಂದಲೇ ಮೂಲಧನಕ್ಕೆ ಸೇರಿಸುತ್ತ ಬಂದಿದ್ದರೆ ತೂತು ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಸಂಗ್ರಹವು ಒಂದು ದಿನದ ಉತ್ಸಾಹಕ್ಕೆ ಮುಗಿಯದಂತೆ ನಡೆಸಿದವರ ನಿದರ್ಶನ ದೂರದಲ್ಲೆಲ್ಲೂ ಹುಡುಕಬೇಕಾಗಿಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜನ್ನು ಕಾಣದವರು ಈ ಭಾಗದಲ್ಲಿ ವಿರಳ. ಬೇಸಗೆಯಲ್ಲಿ ಹೊಳೆ ಬತ್ತಿ, ದಡದ ಪಂಪುಗಳು ನಿಂತು, ಬೆಳೆದು ನಿಂತ ಕಬ್ಬು ಕಣ್ಣೆದುರೇ ಒಣಗುತ್ತಿದ್ದ ಕಾಲವದು. ಸರಕಾರದ ದಾರಿ ನೋಡಿ ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘವನ್ನು ಕಟ್ಟಿಕೊಂಡರು. ತಾವೇ ವರ್ಗಣಿ ಹಾಕಿದರು, ತಾವೇ ಮಣ್ಣು ಕಲ್ಲು ಹೊತ್ತರು. ಸುಮಾರು ಒಂದು ಕೋಟಿ ರೂಪಾಯಿಯ ಈ ಕಾರ್ಯ 1989ರಲ್ಲಿ ಪೂರ್ಣವಾಯಿತು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರೂ ಬಂದಿತು. 1991ರ ಲೋಕಸಭಾ ಚುನಾವಣೆಯಲ್ಲಿ ನ್ಯಾಮಗೌಡರು ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥ ಮುತ್ಸದ್ದಿಯನ್ನು ಸೋಲಿಸಿದರೆಂದರೆ ಆ ಬ್ಯಾರೇಜು ಗಳಿಸಿದ ವಿಶ್ವಾಸವೆಷ್ಟೆಂಬುದನ್ನು ಊಹಿಸಬಹುದು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ ವರ್ಗಣಿ 1989ಕ್ಕೆ ಮುಗಿಯಲಿಲ್ಲ. ಮುಂದೆ ಬ್ಯಾರೇಜಿನ ಎತ್ತರ ಹೆಚ್ಚಿಸುವಾಗಲೂ, ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಎತ್ತಿ ಅದನ್ನು ತುಂಬಿಸುವಾಗಲೂ ರೈತರು ಮತ್ತೆ ಕೈಬಿಚ್ಚಿ ಕೊಟ್ಟರು. ಏಕೆ ಕೊಟ್ಟರು? ಕೊಟ್ಟ ಹಣ ನೀರಾಗಿ ತಮ್ಮ ಹೊಲಕ್ಕೆ ಬಂದುದನ್ನು ಅವರು ಕಣ್ಣಾರೆ ಕಂಡಿದ್ದರು. ಬಸದಿಗಾಗಲಿ, ವಿದ್ಯಾರ್ಥಿನಿಲಯಕ್ಕಾಗಲಿ ಹಣ ಕೇಳುವವರು ಮೊದಲು ಇದನ್ನು ತಮ್ಮ ಮನಸ್ಸಿನಲ್ಲಿ ಇತ್ಯರ್ಥಪಡಿಸಿಕೊಳ್ಳತಕ್ಕದ್ದು: ಕೊಟ್ಟವನು ತಾನು ಕೊಟ್ಟುದನ್ನು ಎಲ್ಲಿ ನೋಡಬೇಕು?

ರಬಕವಿ-ಬನಹಟ್ಟಿಯ ಸಮೀಪದ ತೇರದಾಳದಲ್ಲಿ ಇದಕ್ಕೆ ಪುರಾತನ ಸಾಕ್ಷಿಯುಂಟು. ಮಾಂಡಲಿಕ ಗೊಂಕನು ಅಲ್ಲಿ ನೇಮಿನಾಥ ಜಿನಾಲಯವನ್ನು ಕಟ್ಟಿಸಿ, 1123ರ ಸುಮಾರಿಗೆ ಪೂಜೆಗೂ ಮುನಿಗಳ ಆಹಾರದಾನಕ್ಕೂ ದತ್ತಿ ಬಿಟ್ಟನು. ಅದೇ ಶಾಸನದಲ್ಲಿ 1180ರ ದಶಕದ ದತ್ತಿಗಳೂ ಸೇರಿವೆ. ಅರಸನೊಬ್ಬನ ದಾನವನ್ನು ನೆಚ್ಚಿ ಕೂಡದೆ ಅರುವತ್ತು ವರ್ಷಗಳ ಮೇಲೂ ಜನ ಕೊಡುತ್ತಿದ್ದರೆಂದಾಯಿತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರು ಎಲೆ, ಎಣ್ಣೆ, ಧಾನ್ಯಗಳ ಹೇರಿನ ಮೇಲೆ ಇಷ್ಟಿಷ್ಟೆಂದು ದೇವಕಾರ್ಯಕ್ಕೆ ಆಯ ಬಿಡುತ್ತಿದ್ದುದು ಕನ್ನಡ ಶಾಸನಗಳಲ್ಲಿ ಕಾಣುವುದು.

ಆ ಆಯದ ಸಂತತಿಯೇ ಅಡತಿ ಅಂಗಡಿಗಳ ಧರ್ಮಾದಾಯ. ನಿಯಂತ್ರಿತ ಮಾರುಕಟ್ಟೆಗಳು ಬಂದ ಮೇಲೆ ರೈತನ ಪಟ್ಟಿಯಿಂದ ಹೀಗೆ ಮುರಿದುಕೊಳ್ಳಲು ಆಸ್ಪದ ತಪ್ಪಿತು. ತಪ್ಪಿದುದು ಒಳ್ಳೆಯದೇ ಆಯಿತು. ಬೆವರು ರೈತನದು, ಪುಣ್ಯ ಪೇಟೆಯವನದು ಎಂಬಂತಾಗಬಾರದಷ್ಟೆ! ಆದರೆ ವ್ಯಾಪಾರಿಯು ತನ್ನ ಸ್ವಂತ ಲಾಭದಿಂದ ಮೂಟೆಗಿಷ್ಟೆಂದು ತೆಗೆದಿಡಲು ಯಾವ ಅಡ್ಡಿಯೂ ಇಲ್ಲ. ಬಿಜಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಗಿರಾಕಿಗಳಿಂದ ಧರ್ಮಾದಾಯವೆಂದು ಪಡೆದ ಹಣವು ಮೊದಲಿನಿಂದಲೂ ಧರ್ಮಕ್ಕೇ ಮೀಸಲಾದುದು, ಗಿರಣಿಯ ಆದಾಯವಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದಾಯ ತೆರಿಗೆಯ ವಿಷಯವಾದರೂ ಈ ಮಾತನ್ನು ಪ್ರತಿಯೊಂದು ಕಮಿಟಿಯ ಖಜಾಂಚಿಯೂ ನೆನಪಿಡತಕ್ಕದ್ದು. ಧರ್ಮದ ಹಣವನ್ನು ನಾಲ್ಕು ದಿನದ ಮಟ್ಟಿಗೆಂದು ಅಂಗಡಿಯ ಗಲ್ಲೆಯಲ್ಲಿ ಬೆರೆಸಿದಲ್ಲಿಂದಲೇ ಊರಿನಲ್ಲಿ ಗುಸುಗುಸು ಆರಂಭವಾಗುವುದು.

ಕೇಳುವ ಕಾಲವನ್ನೂ ಅರಿತಿರಬೇಕು. ಮುಧೋಳ, ಜಮಖಂಡಿಗಳ ಕಬ್ಬಿನ ರೈತನ ಬಳಿ ಕಾರ್ಖಾನೆಯ ಬಿಲ್ಲು ಕೈಸೇರಿದ ಮೇಲೆ ಹೋಗಬೇಕು. ಬಿತ್ತನೆಯ ದಿನಗಳಲ್ಲಿ ಹೋದರೆ ಅವನಿಗೂ ಸಂಕೋಚ, ಹೋದವರಿಗೂ ಬರಿಗೈ. ರಬಕವಿ-ಬನಹಟ್ಟಿಯ ನೇಕಾರನಿಗೆ ವಾರದ ಬಟವಾಡೆ. ವರ್ಷಕ್ಕೊಮ್ಮೆ ಐನೂರು ಕೇಳುವುದಕ್ಕಿಂತ ವಾರಕ್ಕೆ ಹತ್ತು ರೂಪಾಯಿ ಅವನಿಗೆ ಹಗುರ, ಸಂಘಕ್ಕೂ ಲಾಭ. ಅಂಗಡಿಕಾರನಿಗೆ ದೀಪಾವಳಿಯ ಹೊಸ ಲೆಕ್ಕದ ಪುಸ್ತಕ ತೆರೆವ ದಿನ ಪ್ರಶಸ್ತ. ಮನೆಯ ತಾಯಂದಿರಿಗೆ ಹಿಡಿ ಧಾನ್ಯವೇ ಸಾಕು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಕರ್ಮವೀರ ಭಾವುರಾವ್ ಪಾಟೀಲರು ಇಂಥ ಮುಷ್ಟಿಫಂಡಿನಿಂದ ಬಡಮಕ್ಕಳ ಅನ್ನ ನಡೆಸಿದರು. ಅವರ ಪತ್ನಿ ಲಕ್ಷ್ಮೀಬಾಯಿಯವರು ಬೋರ್ಡಿಂಗಿನ ಮಕ್ಕಳಿಗಾಗಿ ಮಂಗಳಸೂತ್ರವನ್ನೇ ಬಿಚ್ಚಿಕೊಟ್ಟ ಕಥೆಯನ್ನು ವೇದಿಕೆಗಳಲ್ಲಿ ಕಣ್ಣೀರಿಟ್ಟು ಹೇಳುವರು. ಅಂಥ ತ್ಯಾಗ ವಂದನೀಯ. ಆದರೆ ಪ್ರತಿತಿಂಗಳೂ ಮಂಗಳಸೂತ್ರ ಸಿಗುವುದಿಲ್ಲ, ಹಿಡಿ ಜೋಳ ಸಿಗುವುದು.

ಇನ್ನು ಲೆಕ್ಕದ ಮಾತು. ಈಗ ಮೊಬೈಲಿನಿಂದಲೇ ಹಣ ಬರುವ ಕಾಲ. ಬಸದಿಯ ಬಾಗಿಲಲ್ಲಿ ಕ್ಯೂಆರ್ ಹಲಗೆ ತೂಗಿದರೆ ಪರಸ್ಥಳದ ಬಂಧುಗಳೂ ಕೊಡಬಲ್ಲರು. ಆದರೆ ಖಾತೆಯು ಸಂಘದ ಹೆಸರಿನಲ್ಲಿರಬೇಕು, ವ್ಯಕ್ತಿಯ ಹೆಸರಿನಲ್ಲಿರಕೂಡದು. ಹತ್ತು ರೂಪಾಯಿಗೂ ಪಾವತಿ ಹರಿಯಬೇಕು. ಪ್ರತಿವರ್ಷ ಮಹಾವೀರ ಜಯಂತಿಯಂದು ಜಮಾಖರ್ಚನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಮುಂದಿನ ಜಯಂತಿಯವರೆಗೂ ಅದರ ಪ್ರತಿಯನ್ನು ಗೋಡೆಗೆ ಹಚ್ಚಿರಬೇಕು. ಕಲಶದ ಸವಾಲಿನಲ್ಲಿ ಕೂಗಿ, ಸಲ್ಲಿಸದೆ ಉಳಿಸಿಕೊಂಡ ಬಾಕಿಗಳೂ ಆ ಪಟ್ಟಿಯಲ್ಲಿ ಹೆಸರುಸಹಿತ ಇರತಕ್ಕದ್ದು.