ತಂಬೂರಿಯ ತಂತಿಗಳು



ತಂತಿಯ ವಿಚಾರವಾಗಿ ಕಾಲುಗಂಟೆ ಮಾತನಾಡುವುದೆಂದರೆ ಕೆಲವರಿಗೆ ವಿನೋದವಾಗಿ ತೋರಬಹುದು. ಹಾಡುವವರನ್ನು ಕುರಿತು, ರಾಗವನ್ನು ಕುರಿತು ನಾವು ಎಷ್ಟು ಬೇಕಾದರೂ ಚರ್ಚಿಸುತ್ತೇವೆ. ಅವರ ಬೆನ್ನ ಹಿಂದೆ ಒಂದೇ ಸಮನೆ ನುಡಿಯುತ್ತಿರುವ ತಂಬೂರಿಯನ್ನು ಕುರಿತು ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ. ಅದಕ್ಕೆ ಹಾಕಿರುವ ತಂತಿ ಯಾವ ಲೋಹದ್ದು, ಎಷ್ಟು ದಪ್ಪದ್ದು ಎಂಬುದನ್ನು ಅದನ್ನು ಮೀಟುವವರೇ ಎಷ್ಟೋ ವೇಳೆ ಅರಿಯರು. ಕಳೆದ ಬೇಸಗೆಯವರೆಗೆ ನಾನೂ ಅಂಥವರಲ್ಲಿ ಒಬ್ಬನಾಗಿದ್ದೆನು.

ವಿಜಯಪುರದ ಜಲನಗರದಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರಲ್ಲಿ ಅವರ ತಂದೆಯ ಕಾಲದ ತಂಬೂರಿಯೊಂದಿದೆ. ಮಿರಜಿನಲ್ಲಿ ಮಾಡಿದ್ದು, ದೊಡ್ಡ ಬುರುಡೆ, ಉದ್ದನೆಯ ದಂಡಿ, ಕುದುರೆಯಿಂದ ಮೇಲಿನ ಮೇರುವಿನವರೆಗೆ ತಂತಿ ಮಿಡಿಯುವ ಅಳತೆ ಹೆಚ್ಚುಕಡಮೆ ಒಂದು ಮೀಟರು. ಗಂಡುಧ್ವನಿಗೆಂದು ಮಾಡಿದ ಈ ವಾದ್ಯವನ್ನು ಪೇಟಿಯ ಕರಿ ಒಂದನೆಯ ಮನೆಗೆ, ಎಂದರೆ ನಮ್ಮ ಕಡೆ 'ಕಾಳೀ ಏಕ್' ಎನ್ನುವ ಶ್ರುತಿಗೆ, ಕೂಡಿಸುತ್ತಿದ್ದರು. ಮನೆಯ ಮೊಮ್ಮಗಳು ಖ್ಯಾಲು ಕಲಿಯಲು ತೊಡಗಿದಳು. ಆಕೆಯ ಷಡ್ಜ ಕರಿ ನಾಲ್ಕರ ಮನೆ. ಇದ್ದ ತಂಬೂರಿಯನ್ನೇ ಏರಿಸಿಬಿಟ್ಟರಾಯಿತೆಂದು ಬಿರಡೆ ತಿರುಗಿಸಲಾಗಿ, ಮೊದಲನೆಯ ಹಿತ್ತಾಳೆಯ ಪಂಚಮ ತಂತಿ ಫಟ್ಟೆಂದು ಹರಿಯಿತು. ಅಂಗಡಿಯೊಂದರಿಂದ ಇನ್ನೂ ದಪ್ಪನಾದ ಹಿತ್ತಾಳೆ ತಂತಿಯನ್ನು, 'ಇದು ಹರಿಯುವುದಿಲ್ಲ' ಎಂಬ ಭರವಸೆಯೊಡನೆ, ಕೊಟ್ಟು ಕಳುಹಿಸಿದರು. ಅದೂ ಹರಿಯಿತು. ವಾದ್ಯ ಹಳೆಯದಾಯಿತು, ಮಾರಿ ಒಂದು ವಿದ್ಯುತ್ ತಂಬೂರಿಯ ಪೆಟ್ಟಿಗೆ ಕೊಳ್ಳೋಣವೆಂದು ಮನೆಯವರು ಯೋಚಿಸುತ್ತಿದ್ದಾಗ ಹಿರಿಯರು ನನ್ನನ್ನು ಕರೆಸಿದರು. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಎಲ್ಲವೂ ತಿಳಿದಿರುತ್ತದೆಂಬುದು ಅವರ ನಂಬಿಕೆ.

ದಪ್ಪ ತಂತಿ ಹರಿದದ್ದೇಕೆ? ತಂತಿಯ ಸ್ವರವು ಅದರ ಉದ್ದ, ಬಿಗಿತ, ತೂಕ ಈ ಮೂರನ್ನೇ ಅವಲಂಬಿಸಿದೆಯೆಂದು ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿಯು 1636ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ದಪ್ಪ ತಂತಿಯು ಹೆಚ್ಚು ಭಾರವನ್ನು ತಾಳುವುದು ನಿಜ. ಆದರೆ ಅದೇ ಸ್ವರಕ್ಕೆ ಬರಬೇಕಾದರೆ ಅದಕ್ಕೆ ಅದೇ ಪ್ರಮಾಣದಲ್ಲಿ ಹೆಚ್ಚು ಬಿಗಿತವೂ ಬೇಕು. ಗಳಿಸಿದ್ದೆಲ್ಲ ಹಾಗೆಯೇ ಕಳೆದುಹೋಗುತ್ತದೆ. ಆದುದರಿಂದ ಗೊತ್ತಾದ ಉದ್ದದಲ್ಲಿ ಒಂದು ಲೋಹದ ತಂತಿಯು ಯಾವ ಸ್ವರದಲ್ಲಿ ಹರಿಯುವುದೋ ಆ ಸ್ವರ ದಪ್ಪಕ್ಕೆ ಸೇರಿದ್ದಲ್ಲ, ಲೋಹಕ್ಕೆ ಸೇರಿದ್ದು. ಹಿತ್ತಾಳೆಯ ಶಕ್ತಿ ಒಳ್ಳೆಯ ಉಕ್ಕಿನ ಶಕ್ತಿಯ ಮೂರನೆಯ ಒಂದು ಪಾಲಿನ ಆಸುಪಾಸು. ತೂಕವೋ ಉಕ್ಕಿಗಿಂತ ತುಸು ಹೆಚ್ಚು. ಗಂಡು ತಂಬೂರಿಯ ಮಂದ್ರ ಪಂಚಮವನ್ನು, ಸೆಕೆಂಡಿಗೆ ಸುಮಾರು 104 ಕಂಪನ, ಹಿತ್ತಾಳೆ ನೆಮ್ಮದಿಯಾಗಿ ತಾಳುತ್ತದೆ. ನಡುವಣ ಜೋಡಿಯ 139 ಕಂಪನಕ್ಕೆ ತಾಳದು. ಅದಕ್ಕಾಗಿಯೇ ಜೋಡಿಗೆ ಉಕ್ಕು. ಮೊಮ್ಮಗಳ ಪಂಚಮವಾದರೋ 156 ಕಂಪನ. ಹೆಣ್ಣು ತಂಬೂರಿಗಳಲ್ಲಿ ಪಂಚಮಕ್ಕೂ ಉಕ್ಕನ್ನೇ ಹಾಕುವ ವಾಡಿಕೆಗೆ ಕಾರಣವಿದು. ಗಣಿತವನ್ನೋದದ ಕುಶಲಿಗಳು ಕೈಯ ಅನುಭವದಿಂದಲೇ ಇದನ್ನು ಕಂಡುಕೊಂಡಿದ್ದರು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ಅಲ್ಲಿಗೆ ಬಂದು ಮುಟ್ಟಿದೆನು.

(ಗಂಡು ತಂಬೂರಿ, ಹೆಣ್ಣು ತಂಬೂರಿ ಎಂಬ ಹೆಸರುಗಳು ಶ್ರುತಿಗೆ ಸಂಬಂಧಿಸಿದುವೇ ಹೊರತು ಜಾತಿಗಲ್ಲ. ಶ್ರೀಮತಿ ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಇನ್ನು ಖರ್ಜದ ತಂತಿ. ಜೋಡಿಗಿಂತ ಒಂದು ಸ್ಥಾಯಿ ಕೆಳಗೆ, ಸುಮಾರು 69 ಕಂಪನ. ಜೋಡಿಯ ತಂತಿಯನ್ನೇ ಹಾಕಿ ಸಡಿಲಿಸಿದರೆ ಬಿಗಿತ ಕಾಲು ಪಾಲಿಗಿಳಿದು ತಂತಿ ಜೋತುಬೀಳುತ್ತದೆ. ಅದೇ ಬಿಗಿತ ಉಳಿಯಬೇಕಾದರೆ ತೂಕ ನಾಲ್ಕು ಪಾಲಾಗಬೇಕು, ಎಂದರೆ ದಪ್ಪ ಎರಡು ಪಾಲು. ಆದರೆ ಅಷ್ಟು ದಪ್ಪನಾದ ಉಕ್ಕು ತಂತಿಯ ಗುಣ ಬಿಟ್ಟು ಸಲಾಕೆಯ ಗುಣ ತೋರತೊಡಗುತ್ತದೆ. ಅದರ ಮೇಲಣ ಅನುಸ್ವರಗಳು ತಮ್ಮ ಸ್ಥಾನಕ್ಕಿಂತ ಮೇಲೇರಿ ಕಿವಿಗೆ ಒಡಕಾಗಿ ಕೇಳುತ್ತವೆ. ಹಿತ್ತಾಳೆ ಉಕ್ಕಿಗಿಂತ ಅರ್ಧದಷ್ಟೇ ಸೆಡೆತವುಳ್ಳದ್ದು. ಖರ್ಜಕ್ಕೆ ಅದು ಒದಗಿ ಬಂದುದು ಇದರಿಂದ. ಕಂಚಿನ ತಂತಿ ಇನ್ನೂ ಸ್ವಲ್ಪ ಹೊಳಪಾಗಿ ನುಡಿಯುತ್ತದೆ, ಬೇಗ ಕಪ್ಪಾಗುವುದಿಲ್ಲ; ಆದರೂ ಖರ್ಜದ ಮಟ್ಟಿಗೆ ಹಿತ್ತಾಳೆಯ ಮೆತ್ತನೆಯ ನಾದವೇ ನನಗೆ ಮೇಲೆನಿಸುತ್ತದೆ.

ಪಾಶ್ಚಾತ್ಯರ ವಾದ್ಯವೃಂದದಲ್ಲಿ ನಿಂತುಕೊಂಡು ನುಡಿಸುವ 'ಡಬಲ್ ಬೇಸ್' ಎಂಬ ಮಹಾ ಪಿಟೀಲಿಗೂ ಇದೇ ತೊಡಕು. ಅದರ ತಂತಿಯೂ ಒಂದು ಮೀಟರಿಗೆ ತುಸು ಹೆಚ್ಚು ಉದ್ದ. ಮೇಲಿನಿಂದ ಎರಡನೆಯ ತಂತಿ ನಮ್ಮ ತಂಬೂರಿಯ ಖರ್ಜಕ್ಕಿಂತ ಅರ್ಧ ಸ್ವರ ಮಾತ್ರ ಮೇಲು. ಮೊದಲು ಅದಕ್ಕೆ ಕುರಿಯ ಕರುಳಿನ ತಂತಿಗಳಿದ್ದುವು. ಕರುಳು ಮೃದುವಾಗಿ ನುಡಿಯುತ್ತದೆ, ಬೆರಳಿನಿಂದ ಮೀಟಿದರೆ ಮೃದಂಗದ ಪೆಟ್ಟಿನಂತೆ ಕೇಳಿ ಬೇಗ ಅಡಗುತ್ತದೆ. ಆದರೆ ತೇವಕ್ಕೆ ಒಂದು ಬಗೆ, ಒಣ ಹವೆಗೆ ಒಂದು ಬಗೆ. ನಮ್ಮೂರ ಮೇ ತಿಂಗಳಲ್ಲಿ ಅದರ ಗತಿಯೇನಾದೀತೋ! 17ನೆಯ ಶತಮಾನದ ಉತ್ತರಾರ್ಧದಲ್ಲಿ ಕರುಳಿನ ಮೇಲೆ ತೆಳುವಾದ ಲೋಹದ ಎಳೆಯನ್ನು ಸುತ್ತುವ ಯುಕ್ತಿ ಯೂರೋಪಿನಲ್ಲಿ ಬಳಕೆಗೆ ಬಂದಿತು: ತಿರುಳು ಬಳುಕುತ್ತದೆ, ಸುತ್ತು ತೂಕವನ್ನು ಕೊಡುತ್ತದೆ. ಈಗ ತಿರುಳಿಗೂ ಹಗ್ಗದಂತೆ ಹೊಸೆದ ಉಕ್ಕು ಬಂದಿದೆ. ವಿಯೆನ್ನಾದ 'ಸ್ಪೈರೋಕೋರ್' ಎಂಬುದು ಈ ಜಾತಿಯದು, ಮೀಟಿದರೆ ಬಹಳ ಹೊತ್ತು ನಿಲ್ಲುತ್ತದೆ. ಬೆರಳಿನಲ್ಲಿ ಮೀಟುವವರು ಒಂದು ತಂಡದ ತಂತಿಯನ್ನೂ ಕಮಾನಿನಲ್ಲಿ ಎಳೆಯುವವರು ಮತ್ತೊಂದನ್ನೂ ಮೆಚ್ಚುತ್ತಾರೆ. ಅವರವರಲ್ಲಿ ಈ ವಾದ ಮುಗಿದದ್ದಿಲ್ಲ. ಆ ವಾದ್ಯದ ಒಂದೊಂದು ತಂತಿಯೂ 25ರಿಂದ 30 ಕಿಲೋ ಬಿಗಿತದಲ್ಲಿ ನಿಂತಿರುತ್ತದೆ. ತಂಬೂರಿಯದು ಆರು ಕಿಲೋ. ಈ ಅಂತರವನ್ನು ಮರೆತವರಿಂದಲೇ ತಂಬೂರಿಗೆ ಅಪಾಯ.

ನೆರೆಮನೆಯಲ್ಲಿ ಅದೇ ನಡೆಯುವುದರಲ್ಲಿತ್ತು. ಕರಿ ಒಂದರಿಂದ ಕರಿ ನಾಲ್ಕಕ್ಕೆ ಏರುವುದೆಂದರೆ ಷಡ್ಜದಿಂದ ಪಂಚಮಕ್ಕೆ ಏರಿದಂತೆ: ಕಂಪನ ಒಂದೂವರೆ ಪಾಲು, ಬಿಗಿತ ಅದರ ವರ್ಗ, ಎರಡೂಕಾಲು ಪಾಲು. ನಾಲ್ಕು ತಂತಿಗಳ ಒಟ್ಟು ಎಳೆತ ಮೊದಲು ನನ್ನ ಲೆಕ್ಕಕ್ಕೆ 24 ಕಿಲೋ ಇದ್ದದ್ದು 54 ಕಿಲೋ ಆಗುತ್ತಿತ್ತು. ಪಂಚಮದ ತಂತಿ ಮೊದಲೇ ಹರಿದದ್ದು ಒಂದು ಪುಣ್ಯ. ಅದು ತಾಳಿಕೊಂಡಿದ್ದರೆ ಕುದುರೆಯ ಕೆಳಗಿನ ಹಲಗೆ ಕುಸಿಯುತ್ತಿತ್ತು, ಇಲ್ಲವೆ ದಂಡಿ ಬುರುಡೆಯನ್ನು ಕೂಡುವೆಡೆ ಬಿರಿಯುತ್ತಿತ್ತು.

ಉಪಾಯವೇನೋ ಇತ್ತು. ಬಿಗಿತ ಹಾಗೆಯೇ ಉಳಿದು ಸ್ವರ ಏರಬೇಕಾದರೆ ತಂತಿಯನ್ನು ತೆಳುವಾಗಿಸಬೇಕು. ಜೋಡಿಗಿದ್ದ 0.345 ಮಿಲಿಮೀಟರಿನ ಬದಲು 0.23, ಪಂಚಮಕ್ಕೂ ಉಕ್ಕು, ಖರ್ಜಕ್ಕೆ 0.71ರ ಬದಲು 0.47ರ ಹಿತ್ತಾಳೆ. ಒಳ್ಳೆಯ ಪಿಯಾನೋ ಉಕ್ಕಿನ ತಂತಿ ತರಿಸಿ ಹಾಕಿದೆವು. ಹರಿಯಲಿಲ್ಲ. ಆದರೆ ನಾದ ಹುಟ್ಟಲಿಲ್ಲ. ಕುದುರೆಯ ಬೆನ್ನನ್ನು ದಪ್ಪ ತಂತಿಗೆಂದು ಉಜ್ಜಿ ಜವಾರಿ ಮಾಡಿದ್ದರು. ತೆಳುವಾದ ತಂತಿ ಆ ಬಾಗಿನ ಮೇಲೆ ಬೇರೆ ರೀತಿಯಲ್ಲಿ ತಾಗುತ್ತದೆ, ನೂಲೆಳೆಯನ್ನು ಎಲ್ಲಿ ಸರಿಸಿದರೂ ಝೇಂಕಾರ ಬಿಚ್ಚಿಕೊಳ್ಳದು. ತಂತಿಯನ್ನು ಮೀಟಿದ ಎಡೆಯಲ್ಲಿ ಯಾವ ಅನುಸ್ವರಕ್ಕೆ ಚಲನೆಯಿರುವುದಿಲ್ಲವೋ ಅದು ಕೇಳಿಸಬಾರದೆಂಬುದು ಭೌತವಿಜ್ಞಾನದ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮವನ್ನು ಮೀರುತ್ತವೆಂದು ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿಕೊಟ್ಟರು. ಆ ಅತಿಶಯವೆಲ್ಲ ಕುದುರೆಯ ಬಾಗಿನಲ್ಲಿದೆ, ಆ ಎಳೆಯಲ್ಲಿದೆ. ಹೀಗಿರುವಲ್ಲಿ ಕುದುರೆಯನ್ನು ಬಿಟ್ಟು ತಂತಿಗಳನ್ನು ಮಾತ್ರ ಹೋಲಿಸಿ ಇದು ಮೇಲು, ಅದು ಕೀಳು ಎನ್ನುವುದು ಅರ್ಥವಿಲ್ಲದ ಮಾತು.

ಹಿರಿಯರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. "ಮಾಸ್ತರ, ತಂಬೂರಿ ಉಳೀತು ಖರೆ, ಆದರ ಈ ಧ್ವನಿ ನಮ್ಮಪ್ಪಂದಲ್ಲರೀ" ಎಂದರು.

ಹೊಸ ತಂತಿಗೆ ತಕ್ಕಂತೆ ಕುದುರೆಯನ್ನು ಮರಳಿ ಉಜ್ಜಿಸಬಹುದಾಗಿತ್ತು. ಆದರೆ ಉಜ್ಜಿ ತೆಗೆದದ್ದು ಮತ್ತೆ ಬರುವುದಿಲ್ಲ. ಹಳೆಯ ನಾದ ಎಂದೆಂದಿಗೂ ಹೋದಂತೆಯೇ. ನಾನು ಬೇಡವೆಂದೆನು. ನಮ್ಮ ಊರಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ತಂಬೂರಿಗೆ 'ಮೋತಿಖಾನ'ನೆಂದು ಹೆಸರಿಟ್ಟಿದ್ದನು. ಹೆಸರಿಡುವಷ್ಟು ಒಂದು ವಾದ್ಯವು ವ್ಯಕ್ತಿಯಾಗಬಲ್ಲದೆಂಬುದು ನನಗೆ ಅರ್ಥವಾದದ್ದು ಆ ಮಧ್ಯಾಹ್ನ.

ಕಡೆಗೆ ಮಿರಜಿನಿಂದ ಹುಡುಗಿಗೆಂದು ಚಿಕ್ಕ ತಂಬೂರಿಯೊಂದನ್ನು ತಂದರು. ಮೂರು ಉಕ್ಕು, ಒಂದು ಹಿತ್ತಾಳೆ. ಅಲ್ಲಿಯ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೂ ಕೈಕೆಲಸಕ್ಕೆ ತಕ್ಕ ಬೆಲೆ ಕೊಡುವವರು ಕಡಮೆಯೆಂದು ಮಾಡುವವರು ಹೇಳುತ್ತಾರೆ. ಹಳೆಯ ತಂಬೂರಿಗೆ ಮೊದಲಿನ ಅಳತೆಯ ತಂತಿಗಳನ್ನೇ ಹಾಕಿ ಕರಿ ಒಂದಕ್ಕೆ ಇಳಿಸಿದೆವು. ಪಂಚಮದ ಎಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದಾಗ ನಾದ ತಾನಾಗಿ ತೆರೆದುಕೊಂಡಿತು. ಯಾರೂ ಹಾಡಲಿಲ್ಲ, ಹಿರಿಯರು ಸುಮ್ಮನೆ ಮೀಟುತ್ತ ಕುಳಿತರು. ಈಗಲೂ ಸಂಜೆಯ ವೇಳೆ ಅದು ನಮ್ಮ ಮನೆಗೆ ಕೇಳಿಸುತ್ತದೆ. ಖರ್ಜದ ಹಿತ್ತಾಳೆ ಈಗಾಗಲೇ ಕಪ್ಪಾಗಿ ಮಂಕು ಹಿಡಿದಿದೆ; ಬರುವ ದಸರೆಯೊಳಗಾಗಿ ಬದಲಿಸಬೇಕೆಂದು ಹೇಳಿಕಳುಹಿಸಿದ್ದಾರೆ.