ಎಸ್.795: ಬಾಳೆಹೊನ್ನೂರಿನ ಒಂದು ಕಾಫಿ ತಳಿ

ದೂರದರ್ಶನ ಬಣ್ಣವನ್ನು ತೋರಿಸಬಲ್ಲದು, ದನಿಯನ್ನು ಕೇಳಿಸಬಲ್ಲದು. ಪರಿಮಳವನ್ನು ಮಾತ್ರ ನಿಮ್ಮ ಮನೆಗೆ ಮುಟ್ಟಿಸಲಾರದು. ಆ ಕೆಲಸವನ್ನು ರಾಜಾಜಿನಗರ, ವಿಜಯನಗರಗಳ ಕಾಫಿಪುಡಿ ಅಂಗಡಿಗಳು ಚೆನ್ನಾಗಿ ಮಾಡುತ್ತವೆ. ಅಲ್ಲಿ 'ಪ್ಲಾಂಟೇಶನ್ ಎ', 'ಪೀಬೆರಿ' ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಇವು ತಳಿಗಳಲ್ಲ. ಮೊದಲನೆಯದು ತೊಳೆದು ಸಂಸ್ಕರಿಸಿದ ಅರೇಬಿಕದ ಒಂದು ದರ್ಜೆ. ಎರಡನೆಯದು, ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬಲಿತು ದುಂಡಗಾದದ್ದು. ತಳಿಯ ಹೆಸರನ್ನು ಕೇಳುವವರೇ ಕಡಿಮೆ. ಅಂಥ ಒಂದು ತಳಿಯ ಕಥೆ ಇಂದು ಹೇಳುತ್ತೇನೆ. ಅದರ ಹೆಸರು ಎಸ್.795.

ಕಾಫಿ ಗಿಡದ ದೊಡ್ಡ ಶತ್ರು ಎಲೆತುಕ್ಕು ರೋಗ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಕಾಣುವ ಶಿಲೀಂಧ್ರವಿದು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಕೆಲವೇ ದಶಕಗಳಲ್ಲಿ ಅಲ್ಲಿನ ಕಾಫಿ ತೋಟಗಳನ್ನು ಹಾಳುಗೆಡವಿತು; ಆ ನಾಡು ಚಹಾ ಬೆಳೆಗೆ ತಿರುಗಿತು. ನಮ್ಮ ಮಲೆನಾಡಿನ ತೋಟಗಳನ್ನೂ ಅದು ಬಿಡಲಿಲ್ಲ.

ಇದಕ್ಕೆ ಉತ್ತರ ಹುಡುಕಿದ್ದು ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ನೆಲೆಗೊಂಡ ಕಾಫಿ ಸಂಶೋಧನಾ ಕೇಂದ್ರ. ಅರೇಬಿಕದ ಜೀವಕೋಶದಲ್ಲಿ 44 ವರ್ಣತಂತುಗಳಿವೆ, ಲೈಬೀರಿಕದಲ್ಲಿ 22. ಸುಲಭವಾಗಿ ಕೂಡದ ಈ ಎರಡು ಜಾತಿಗಳು ಪ್ರಕೃತಿಯಲ್ಲೇ ಬೆರೆತು ಹುಟ್ಟಿದ ಗಿಡದ ವಂಶದಿಂದ ಎಸ್.288 ಬಂತು. ರೋಗ ತಡೆಯುವ ಶಕ್ತಿ ಅದಕ್ಕೆ ಲೈಬೀರಿಕದ ಕಡೆಯಿಂದ ದಕ್ಕಿತ್ತು. ಅದನ್ನು ಒಳ್ಳೆಯ ರುಚಿಯ 'ಕೆಂಟ್' ತಳಿಯೊಡನೆ ಸಂಕರಗೊಳಿಸಿ, 1940ರ ದಶಕದಲ್ಲಿ ಬೆಳೆಗಾರರ ಕೈಗೆ ಎಸ್.795 ಅನ್ನು ಕೊಟ್ಟರು. ಮುಂದೆ ಇದು ಇಂಡೊನೇಷ್ಯಕ್ಕೂ ಹೋಗಿ 'ಜೆಂಬರ್' ಎಂಬ ಹೆಸರು ಪಡೆಯಿತು.

ರುಚಿ ಹೇಗೆ? ಹದವಾದ ಹುಳಿ, ತುಂಬಿದ ಮೈ, ಹಿಂದೆ ಯೆಮನ್ನಿನ ಮೋಕಾ ಕಾಫಿಯನ್ನು ನೆನಪಿಸುವ ನವಿರಾದ ಪರಿಮಳ ಎಂದು ರುಚಿಪರೀಕ್ಷಕರು ಹೇಳುತ್ತಾರೆ. ಆದರೆ ತಳಿಯೊಂದೇ ರುಚಿಯನ್ನು ನಿರ್ಧರಿಸುವುದಿಲ್ಲ. ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಬಾಬಾಬುಡನ್‌ಗಿರಿಯ ಇಳಿಜಾರು, ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ತೋಟಗಳು ಇಂಥ ನೆಲೆಗಳು. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಆದರೂ ಈ ತಳಿ ಇಂದು ನಿಶ್ಚಿಂತವಾಗಿಲ್ಲ. ತುಕ್ಕು ಶಿಲೀಂಧ್ರ ಹೊಸ ಹೊಸ ರೂಪ ತಾಳಿ ಅದರ ರಕ್ಷಣೆಯನ್ನು ಭೇದಿಸಿದೆ. ನೆರಳು ತೆಳುವಾದ ತೋಟದಲ್ಲಿ ಬಿಳಿ ಕಾಂಡಕೊರಕ ಹುಳು ಹೆಚ್ಚುತ್ತದೆ. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡಬೇಕಾಗುತ್ತದೆ. ಹೂಮಳೆಯೂ ಹೊತ್ತಿಗೆ ಸರಿಯಾಗಿ ಬರುವ ಭರವಸೆಯಿಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶದ ಕಾಫಿಯಲ್ಲಿ ಅರೇಬಿಕದ್ದೇ ದೊಡ್ಡ ಪಾಲು, ಇಂದು ರೊಬಸ್ಟಾದ್ದು. ನಷ್ಟ ಅನುಭವಿಸಿದ ಬೆಳೆಗಾರ ಗಟ್ಟಿ ಗಿಡವನ್ನು ಆರಿಸಿಕೊಂಡರೆ ಅದು ತಪ್ಪಲ್ಲ. ರೋಗವನ್ನೂ ತಾಳಿ, ರುಚಿಯನ್ನೂ ಉಳಿಸುವ ಗಿಡ ಬೇಕು. ಆ ಕೆಲಸ ಇನ್ನೂ ಮುಗಿದಿಲ್ಲ. ಸಸ್ಯಶಾಸ್ತ್ರ ಓದುವ ನಿಮ್ಮಲ್ಲಿ ಯಾರಿಗಾದರೂ ಅದು ಕಾದಿರಬಹುದು.

ಈ ವಾರ ಒಂದು ಪ್ರಯೋಗ ಮಾಡಿ. ಚಿಕೋರಿ ಬೆರೆಸದ ಅರೇಬಿಕ ಪುಡಿ ಐವತ್ತು ಗ್ರಾಂ, ರೊಬಸ್ಟಾ ಪುಡಿ ಐವತ್ತು ಗ್ರಾಂ ತನ್ನಿ. ಹಾಲು, ಸಕ್ಕರೆ ಹಾಕದೆ ಎರಡರ ಡಿಕಾಕ್ಷನ್ನನ್ನೂ ಬಿಸಿನೀರಿಗೆ ಬೆರೆಸಿ ಒಂದೊಂದು ಚಮಚ ಸವಿಯಿರಿ. ಪರಿಮಳ, ಹುಳಿ, ಕಹಿಗಳನ್ನು ಬೇರೆ ಬೇರೆಯಾಗಿ ಬರೆದಿಡಿ. ಬೀಜ ಯಾವ ಜಿಲ್ಲೆಯದೆಂದು ಅಂಗಡಿಯವರನ್ನು ಕೇಳಲು ಮರೆಯಬೇಡಿ.